ಮರಳು ಬಣ್ಣದ ಮೇಲೆ ಮೂರು ಗೆರೆ

ಹೊಸದುರ್ಗ
20 ಜನವರಿ 2025

ಹಿರಿಯೂರಿನ ನಿವೃತ್ತ ಕನ್ನಡ ಪಂಡಿತರಾದ ಮುದ್ದಪ್ಪನವರಿಗೆ,

ಕ್ಷೇಮ ವಿಚಾರಿಸಿ ಪತ್ರ ಆರಂಭಿಸುವ ಮರ್ಯಾದೆ ನನಗೂ ಗೊತ್ತಿದೆ. ನಿಮ್ಮ ಕ್ಷೇಮ ನನಗೆ ಬೇಕಿಲ್ಲ. ನನ್ನ ಕ್ಷೇಮ ನಿಮಗೆ ಎಂದೂ ಬೇಕಾಗಿರಲಿಲ್ಲ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಈ ವಾರ ನಿಮಗೆ ಮೂರು ಬಾರಿ ಫೋನ್ ಮಾಡಿದೆ. "ನಾನು ಕಾಟಲಿಂಗಪ್ಪ, ನಿಮ್ಮ ತಮ್ಮ ದಯಾನಂದನ ಟ್ಯಾಂಕಿನ ಡ್ರೈವರ್ ಆಗಿದ್ದವನು" ಎಂದ ಕೂಡಲೇ ಮೂರು ಬಾರಿಯೂ ಕಟ್ ಮಾಡಿದಿರಿ. ಪತ್ರವನ್ನು ಹರಿಯಬಹುದು, ಆದರೆ ಪಂಡಿತರು ಓದದೆ ಹರಿಯುವುದಿಲ್ಲ ಎಂದು ನಂಬಿದ್ದೇನೆ.

ತಾಳ್ಯದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ ಹೇಮಾವತಿ ಮೇಡಂ ನನ್ನನ್ನೂ ಕರೆದಿದ್ದಾರೆ. ದಯಾನಂದ ಮರುಭೂಮಿಯ ಸೇನಾ ಕವಾಯತಿನಲ್ಲಿ ಟ್ಯಾಂಕಿನೊಳಗೆ ಸುಟ್ಟು ತೀರಿಕೊಂಡು ಬರುವ ಮಾರ್ಚ್ ಒಂಬತ್ತಕ್ಕೆ ಮೂವತ್ತೇಳು ವರ್ಷ. ಅಂದು ಅವನು ಓದಿದ ಆ ಶಾಲೆಯಲ್ಲಿ ಅವನ ಭಾವಚಿತ್ರ ತೆರೆಯುವ ಸಭೆ. ಅದರ ಕೆಳಗೆ, ಗಾಜಿನ ಪೆಟ್ಟಿಗೆಯಲ್ಲಿ, ನೀವೇ ಜೋಡಿಸಿ ಬಣ್ಣ ಹಚ್ಚಿದ ಅದೇ ಟ್ಯಾಂಕಿನ ಪುಟ್ಟ ಮಾದರಿ, ಮೂವತ್ತೈದರಲ್ಲಿ ಒಂದು ಪಾಲಿನ ಅಳತೆಯದು. ಮೇಡಂ ಅದರ ನಾಲ್ಕು ಫೋಟೋ ಕಳಿಸಿದ್ದಾರೆ. ಕನ್ನಡಕ ಹಾಕಿ ನೋಡಿದೆ, ಭೂತಗನ್ನಡಿ ಹಿಡಿದೂ ನೋಡಿದೆ.

ನಿಮ್ಮ ಕೈಗೆಲಸ ಸೂಕ್ಷ್ಮವಾಗಿದೆ, ಇಲ್ಲವೆನ್ನಲಾರೆ. ಆದರೆ ಅದು ನಮ್ಮ ಟ್ಯಾಂಕಲ್ಲ. ನೀವು ಮೆತ್ತಿರುವ ಧೂಳು ಹೊಳಲ್ಕೆರೆ ಕಡೆಯ ಕೆಮ್ಮಣ್ಣು. ಮರುಭೂಮಿಯ ಧೂಳು ಹುರಿಗಡಲೆ ಹಿಟ್ಟಿನ ಬಣ್ಣದ್ದು. ಚೈನುಗಳಿಗೆ ತುಕ್ಕು ಬಳಿದಿದ್ದೀರಿ. ಮರಳಿನಲ್ಲಿ ಓಡುವ ಚೈನು ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತದೆ. ಎಲ್ಲಕ್ಕಿಂತ ಹೆಚ್ಚಿನದು, ಡ್ರೈವರ್ ಇಳಿಯುವ ಮುಚ್ಚಳದ ಕೆಳಗೆ ಮೂರು ಉದ್ದನೆಯ ತುಕ್ಕಿನ ಗೆರೆಗಳನ್ನು ಎಳೆದಿದ್ದೀರಿ. ಆ ಮುಚ್ಚಳ ನನ್ನದು. ಅದನ್ನು ದಿನ ಬೆಳಗಾದರೆ ಒರೆಸುತ್ತಿದ್ದವನು ನಾನು. ನೋಡಿದ ಪ್ರತಿಯೊಬ್ಬ ಮಾಜಿ ಸೈನಿಕನೂ ಹೇಳುವುದು ಒಂದೇ ಮಾತು, ಈ ಡ್ರೈವರ್ ತನ್ನ ಬಂಡಿಯನ್ನು ನೋಡಿಕೊಂಡಿರಲಿಲ್ಲ ಎಂದು.

ಒಂಬತ್ತನೆಯ ತಾರೀಖಿನೊಳಗೆ ಆ ತುಕ್ಕನ್ನು ತೆಗೆಯಿರಿ.

ಕಾಟಲಿಂಗಪ್ಪ


ಶ್ರೀ ಮೈಲಾರಲಿಂಗ ಪ್ರಸನ್ನ

ಹಿರಿಯೂರು
27 ಜನವರಿ 2025

ಕಾಟಲಿಂಗಪ್ಪನವರಿಗೆ,

ತಮ್ಮ ಪತ್ರ ಕೈಸೇರಿತು. ತೋಳ ನುಗ್ಗಿದ ಹಟ್ಟಿಯ ಕುರಿಗಳಂತೆ ಅಕ್ಷರಗಳು ಹಾಳೆಯ ತುಂಬ ಚದುರಿದ್ದುದರಿಂದ, ಅದನ್ನು ಓದುವುದಕ್ಕೆ ನನ್ನ ಒಂದು ಪೂರ್ವಾಹ್ಣವೇ ವ್ಯಯವಾಯಿತು.

ನಾನು ಆ ಪ್ರತಿಕೃತಿಯನ್ನು ಆಟಿಕೆಯೆಂದು ಮಾಡಿದವನಲ್ಲ. ಹತ್ತು ತಿಂಗಳ ಕಾಲ, ಪ್ರಾತಃಕಾಲ ಸ್ನಾನ ಮಾಡಿ, ದೇವರಿಗೆ ಅರಿಸಿನದ ಭಂಡಾರ ಏರಿಸಿದ ಬಳಿಕವೇ ಕುಂಚವನ್ನು ಮುಟ್ಟಿದ್ದೇನೆ. ಮೊದಲು ಬೂದುಬಣ್ಣದ ಪ್ರೈಮರ್. ಅದು ಒಣಗಿದ ಮೇಲೆ ಮರಳು ಬಣ್ಣದ ಐದು ತೆಳುಪದರ. ಬಳಿಕ ಕಪ್ಪುಗಂದು ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ನೀರಾಗಿಸಿ ಬೆಸುಗೆಯ ಸಂದುಗಳಿಗೆ ಇಳಿಯಬಿಟ್ಟೆ. ಸ್ಪಂಜಿನ ಚೂರನ್ನು ಅಂಚಿಗೆ ತಾಗಿಸಿ, ಬೂಟುಗಾಲುಗಳು ಬಣ್ಣ ಸವೆಸಿದ ಎಡೆಗಳನ್ನು ತೋರಿಸಿದೆ. ಧೂಳಿಗೆ ತಾಳ್ಯದ ನಮ್ಮ ಹೊಲದ ಮಣ್ಣನ್ನೇ ಕುಟ್ಟಿ, ಹಳೆಯ ಪಂಚೆಯಲ್ಲಿ ಜರಡಿ ಹಿಡಿದೆ. ಅದು ಮರುಭೂಮಿಯ ಮಣ್ಣಲ್ಲವೆಂಬುದನ್ನು ನಾನು ಬಲ್ಲೆ. ಅಲ್ಲಿಯ ಮಣ್ಣು ನನ್ನ ತಮ್ಮನನ್ನು ತಿಂದಿತು. ಅದಕ್ಕೆ ಅವನ ಊರಿನ ಶಾಲೆಯಲ್ಲಿ ಸ್ಥಾನವಿಲ್ಲ.

ಇನ್ನು ತುಕ್ಕಿನ ಮಾತು. ಅದು ನನ್ನ ಕಲ್ಪನೆಯಲ್ಲ. 1987ರ ಅಕ್ಟೋಬರಿನಲ್ಲಿ ದಯಾನಂದನೇ ಕಳುಹಿಸಿದ ವರ್ಣ ಛಾಯಾಚಿತ್ರ ನನ್ನ ಬಳಿಯಿದೆ. ಟ್ಯಾಂಕಿನ ಮುಂದೆ ಅವನು ನಿಂತಿದ್ದಾನೆ. ಹೆಗಲ ಹಿಂದೆ, ತಾವು ತಮ್ಮದೆನ್ನುವ ಮುಚ್ಚಳದ ಕೆಳಗೆ, ಮೂರು ಕೆಂಗಂದು ಗೆರೆಗಳು ಸ್ಪಷ್ಟವಾಗಿವೆ. ಚಿತ್ರ ಸುಳ್ಳಾಡುವುದಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ನೋಡಿಕೊಳ್ಳಬೇಕಾದವನು ನೋಡಿಕೊಳ್ಳದಿದ್ದಾಗ.

ಗೆರೆಗಳು ಇದ್ದಲ್ಲಿಯೇ ಇರುತ್ತವೆ. ಸಭೆಗೆ ಬರುವುದೂ ಬಿಡುವುದೂ ತಮ್ಮ ಚಿತ್ತ.

ಮುದ್ದಪ್ಪ


ಹೊಸದುರ್ಗ
4 ಫೆಬ್ರವರಿ 2025

ಪಂಡಿತರಿಗೆ,

ನನ್ನ ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಅಕ್ಷರ ಚದುರಿದ್ದಕ್ಕೆ ಕಾರಣ ಅಷ್ಟೇ.

ಆ ಛಾಯಾಚಿತ್ರವನ್ನು ತೆಗೆದವನು ನಾನು. ಅಂದು ಆಯುಧಪೂಜೆಯ ಮರುದಿನ. ಪೂಜೆಯ ಬೆಳಿಗ್ಗೆ ನಿಮ್ಮ ತಮ್ಮ ಒಂದು ಡಬ್ಬಿ ಹಿಡಿದುಕೊಂಡು ಬಂದ. ಅದರಲ್ಲಿ ನಿಮ್ಮ ಅವ್ವ ಓಬವ್ವನವರು ಊರಿನಿಂದ ಕಳಿಸಿದ್ದ ಕುಂಕುಮ. ಬಂಡಿಯ ಮೂತಿಗೆ ಇಡುತ್ತೇನೆಂದ. ನಾನು ನಕ್ಕೆ.

"ಲೇ, ಮೂವತ್ತಾರು ಟನ್ ಐತೆ ಇದು. ಎಷ್ಟು ಕುಂಕುಮ ಇಡ್ತೀಯೋ?"

"ನಮ್ಮ ಹಟ್ಟಿಯಾಗೆ ಕುರಿ ಕತ್ತರಿಗೂ ಇಡ್ತೀವಿ ಕಾಟಣ್ಣ. ಈ ಕೋಣಕ್ಕೆ ಇಡದಿದ್ರೆ ಮುನಿಸ್ಕೊಳ್ಳಾಕಿಲ್ವಾ?"

"ಗಾಳಿಗೆ ಹಾರಿಹೋಗ್ತೈತೆ."

"ಎಣ್ಣೆಯಾಗೆ ಕಲಸ್ತೀನಿ, ತಡೀರಿ."

ಕೊಬ್ಬರಿ ಎಣ್ಣೆಯಲ್ಲಿ ಕಲಸಿ ನನ್ನ ಮುಚ್ಚಳದ ಕೆಳಗೆ ಮೂರು ದೊಡ್ಡ ಬೊಟ್ಟು ಇಟ್ಟ. ಹತ್ತು ಗಂಟೆಯ ಬಿಸಿಲಿಗೆ ಉಕ್ಕು ಕಾದು ಹೆಂಚಿನಂತಾಯಿತು. ಎಣ್ಣೆ ಕರಗಿ ಮೂರು ಬೊಟ್ಟೂ ಮೂರು ಗೆರೆಯಾಗಿ ಕೆಳಗಿಳಿದವು. ಮರುದಿನಕ್ಕೆ ಅವುಗಳ ಮೇಲೆ ಧೂಳು ಕೂತು ಕಂದಾದವು. ನಾನು ಒರೆಸಲು ಹೋದರೆ ಅವನು ಬಿಡಲಿಲ್ಲ. ಫೋಟೋ ತೆಗೆಸಿಕೊಂಡು ನಿಮಗೆ ಕಳಿಸಿದ.

ಹಾರೆ ಗುದ್ದಲಿಗಳಿಗೆ ಜೀವನವಿಡೀ ಕುಂಕುಮ ಇಟ್ಟವರು ನೀವು. ದಿನವೂ ಭಂಡಾರ ಏರಿಸಿ ಕುಂಚ ಹಿಡಿದವರು ನೀವು. ನಿಮ್ಮ ಅವ್ವನ ಕೈಯ ಕುಂಕುಮವನ್ನು ಗುರುತಿಸದೆ ತುಕ್ಕೆಂದು ಬಳಿದಿರಿ. ನಿಮ್ಮ ಕಣ್ಣು ಏನನ್ನು ಹುಡುಕುತ್ತಿತ್ತೋ ಅದನ್ನೇ ಕಂಡಿತು.

ಕಾಟಲಿಂಗಪ್ಪ


ಶ್ರೀ ಮೈಲಾರಲಿಂಗ ಪ್ರಸನ್ನ

ಹಿರಿಯೂರು
11 ಫೆಬ್ರವರಿ 2025

ಕಾಟಲಿಂಗಪ್ಪನವರಿಗೆ,

ಮೂರು ಗೆರೆಗಳ ವಿಷಯದಲ್ಲಿ ತಾವು ಹೇಳಿದುದು ನಿಜವಿರಬಹುದು. ಚಿತ್ರವನ್ನು ಮತ್ತೊಮ್ಮೆ ನೋಡಿದೆನು. ತುಕ್ಕು ಬೆಸುಗೆಯ ಸಂದಿನಿಂದ ಹೊರಡುತ್ತದೆ. ಇವು ಸಂದಿಲ್ಲದ ಉಕ್ಕಿನ ಬಯಲಿನಲ್ಲಿ ಹೊರಟಿವೆ. ಅಷ್ಟನ್ನು ಒಪ್ಪುತ್ತೇನೆ. ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯಿಂದ ಅವುಗಳನ್ನು ಒರೆಸಿದೆ. ತುಕ್ಕಿನ ಜೊತೆಗೆ ಕೆಳಗಿನ ಮರಳು ಬಣ್ಣವೂ ಎದ್ದುಬಂದು ಬೂದು ಪ್ರೈಮರ್ ಕಾಣಿಸಿತು. ಆ ಭಾಗವನ್ನು ಪುನಃ ಐದು ಪದರ ಬಳಿದು, ಗೆರೆಗಳನ್ನು ಕುಂಕುಮದ ವರ್ಣದಲ್ಲಿ ಎಳೆದಿದ್ದೇನೆ. ಇದು ನನ್ನ ತಮ್ಮನ ಭಕ್ತಿಗೆ ಸಂದ ಮರ್ಯಾದೆ; ತಮಗೆ ಸಂದುದಲ್ಲ.

ಆದರೆ ಚೈನಿನ ತುಕ್ಕು ಹಾಗೆಯೇ ಇರುತ್ತದೆ. ಕಾರಣವನ್ನು ಇಷ್ಟು ವರ್ಷ ನನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದೆ, ಈಗ ಬರೆಯುತ್ತೇನೆ. ದಯಾನಂದನ ಕೊನೆಯ ಪತ್ರ, 1988ರ ಮಾರ್ಚ್ ಆರರಂದು ಬರೆದುದು, ಅವನು ತೀರಿದ ಬಳಿಕ ನಮಗೆ ತಲುಪಿತು. ಅದರಲ್ಲಿ ಹೀಗಿದೆ: "ನಮ್ಮ ಟ್ಯಾಂಕಿನೊಳಗೆ ಎರಡು ದಿನದಿಂದ ಡೀಸೆಲ್ ವಾಸನೆ ಬರ್ತಾ ಐತೆ ಅಣ್ಣ. ಕಾಟಣ್ಣಗೆ ಹೇಳೀನಿ." ಮೂರು ದಿನಗಳ ಬಳಿಕ ಬೆಂಕಿ. ಹೇಳಿದವನು ಬೂದಿಯಾದ, ಕೇಳಿಸಿಕೊಂಡವರು ಪಿಂಚಣಿ ಪಡೆಯುತ್ತ ಹೊಸದುರ್ಗದಲ್ಲಿದ್ದಾರೆ.

ಒಂಬತ್ತರಂದು ಸಭೆಯಲ್ಲಿ ಈ ಸಾಲನ್ನು ಓದಿ, ತಮ್ಮ ಹೆಸರನ್ನು ಹೇಳಲಿದ್ದೇನೆ. ಸಭಿಕರ ಮೊದಲ ಸಾಲಿನಲ್ಲಿ ನಮ್ಮ ಅವ್ವ ಕುಳಿತಿರುತ್ತಾಳೆ. ತಾವೂ ಬಂದು ಕುಳಿತರೆ ಸಂತೋಷ.

ಮುದ್ದಪ್ಪ


ಹೊಸದುರ್ಗ
17 ಫೆಬ್ರವರಿ 2025

ಪಂಡಿತರಿಗೆ,

ದಯಾನಂದ ನನಗೆ ಹೇಳಿದ್ದು ನಿಜ. ಡ್ರೈವರ್ ಸೀಟಿನ ಪಕ್ಕದ ಡೀಸೆಲ್ ಟ್ಯಾಂಕಿನ ಪೈಪು ಜೋಡಣೆಯಲ್ಲಿ ಒಸರುತ್ತಿತ್ತು. ಬಂಡಿಯ ದೋಷ ಬರೆಯುವ ಪುಸ್ತಕವನ್ನು ಅಂದೇ ತೆರೆದೆ. ಪೆನ್ನು ಹಿಡಿದ ನನ್ನ ಕೈಯನ್ನು ಹಿಡಿದು ನಿಲ್ಲಿಸಿದವನು ನಿಮ್ಮ ತಮ್ಮ.

"ಕಾಟಣ್ಣ, ಈಗ ಬರೀಬ್ಯಾಡ್ರಿ."

"ಏನಪ್ಪ, ವಾಸನೆ ಬರ್ತೈತೆ ಅಂದೋನು ನೀನೇ ಅಲ್ವಾ?"

"ಹೌದು. ಬರೆದ್ರೆ ಬಂಡಿ ವರ್ಕ್‌ಶಾಪಿಗೆ ಹೋಗ್ತೈತೆ, ನಾವು ನಾಕೂ ಜನ ಅದರ ಹಿಂದೆ. ನನ್ನ ರಜ ಹೋಯ್ತು ಅಂತ್ಲೇ. ಹನ್ನೊಂದಕ್ಕೆ ನಾನು ಊರಿಗೆ ಹೊರಡ್ಲೇಬೇಕು. ನಾನು ಹೋದ ಮ್ಯಾಲೆ ಬರ್ಕೊಳ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಜೋಡಣೆಯನ್ನು ಬಿಗಿ ಮಾಡಿ, ಬಟ್ಟೆ ಸುತ್ತಿ, ಪುಸ್ತಕ ಮುಚ್ಚಿದೆ. ಮುಚ್ಚಿದ್ದು ನನ್ನ ತಪ್ಪು. ವಿಚಾರಣೆಯಲ್ಲಿ ಅದನ್ನು ನಾನೇ ಹೇಳಿದೆ. ಅದಕ್ಕೆ ನನ್ನ ಬಡ್ತಿ ನಿಂತಿತು, ನಿಲ್ಲಬೇಕಾದದ್ದೇ. ದಯಾನಂದ ಕೇಳಿಕೊಂಡದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಸತ್ತವನ ಮೇಲೆ ಹೊರಿಸಿ ನಾನು ಹಗುರಾಗಬಾರದು ಎನ್ನಿಸಿತು. ಓಬವ್ವನವರ ಕಿವಿಗೆ ಅದು ಬೀಳಬಾರದು ಎಂದೂ ಅನ್ನಿಸಿತು.

ನಿಮಗೆ ಟ್ಯಾಂಕಿನ ಒಳಗಿನ ವಿಷಯ ಗೊತ್ತಿಲ್ಲದಿರಬಹುದು. ಡ್ರೈವರಿಗೆ ತನ್ನದೇ ಮುಚ್ಚಳವಿದೆ. ಫಿರಂಗಿ ಹಾರಿಸುವ ಗನ್ನರಿಗೆ ಇಲ್ಲ, ದಯಾನಂದ ನಮ್ಮ ಗನ್ನರ್. ಅವನ ಹಿಂದೆ ಕೂತ ಕಮಾಂಡರ್ ಹೊರಬಿದ್ದ ಮೇಲೆಯೇ ಅವನಿಗೆ ದಾರಿ. ಒಂಬತ್ತರಂದು ಬೆಂಕಿ ಹೊತ್ತಿದಾಗ ನಾನು ಹೊರಬಿದ್ದು, ಮೇಲೆ ಹತ್ತಿ, ಆ ದಾರಿಯಲ್ಲಿ ಕೈ ಇಳಿಸಿದೆ. ಅವನ ಕೈ ಸಿಕ್ಕಿತು. ಹಿಡಿತ ನಿಲ್ಲಲಿಲ್ಲ.

ಆ ವರ್ಷದ ಮೇ ತಿಂಗಳಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ತಾಳ್ಯದ ನಿಮ್ಮ ಮನೆಗೆ ಬಂದೆ. ನಿಮ್ಮ ಅವ್ವ ಹಟ್ಟಿಯ ಕಡೆ ಹೋಗಿದ್ದರು. "ನನ್ನ ತಮ್ಮನ್ನ ಸುಟ್ಟು ನೀನು ಹೆಂಗೆ ಬದುಕಿ ಬಂದೆ ಲೇ? ಇಳಿ ಕೆಳಗೆ" ಎಂದು ಜಗುಲಿಯಿಂದಲೇ ಕಳಿಸಿದಿರಿ. ಇಳಿದೆ.

ಅವನಿಗೆ ರಜೆಯ ಅವಸರ ಏಕಿತ್ತು ಎಂಬುದನ್ನು ಮಾತ್ರ ಕೇಳಬೇಡಿ.

ಕಾಟಲಿಂಗಪ್ಪ


ಶ್ರೀ ಮೈಲಾರಲಿಂಗ ಪ್ರಸನ್ನ

ಹಿರಿಯೂರು
22 ಫೆಬ್ರವರಿ 2025

ಕಾಟಲಿಂಗಪ್ಪನವರಿಗೆ,

ಮಾತನಾಡಲಾರದವನ ಬಾಯಿಗೆ ಮಾತು ತುಂಬುವುದು ಅತಿ ಸುಲಭವಾದ ವಿದ್ಯೆ. ಅದನ್ನು ತಾವು ಚೆನ್ನಾಗಿ ಕಲಿತಿದ್ದೀರಿ. ತಪ್ಪನ್ನು ಒಪ್ಪಿಕೊಂಡಂತೆಯೂ ಆಯಿತು, ಅದರ ಅರ್ಧವನ್ನು ಸ್ವರ್ಗಸ್ಥನಾದ ಹುಡುಗನ ತಲೆಗೆ ಕಟ್ಟಿದಂತೆಯೂ ಆಯಿತು.

ಕೇಳಬೇಡಿ ಎಂದು ಬರೆದಿದ್ದೀರಿ. ನಾನು ಕೇಳುತ್ತೇನೆ. ಸೇನೆಯಲ್ಲಿದ್ದ ಇಪ್ಪತ್ತನಾಲ್ಕು ವರ್ಷದ ಯುವಕನು ತನ್ನ ಪ್ರಾಣಕ್ಕಿಂತ ರಜೆ ದೊಡ್ಡದೆಂದು ಬಗೆಯಲು ಯಾವ ಕಾರಣವಿತ್ತು? ಕಾರಣವನ್ನು ಬರೆಯಿರಿ. ಬರೆಯಲಾಗದಿದ್ದರೆ ಕಾಟಲಿಂಗಪ್ಪ ಸುಳ್ಳುಗಾರನೆಂಬುದನ್ನೂ ಸಭೆಗೆ ತಿಳಿಸುವೆನು.

ಮುದ್ದಪ್ಪ


ಹೊಸದುರ್ಗ
27 ಫೆಬ್ರವರಿ 2025

ಪಂಡಿತರಿಗೆ,

ಕೇಳಿದ್ದೀರಿ. ಹೇಳುತ್ತೇನೆ.

ಫೆಬ್ರವರಿ ಕೊನೆಗೆ ಅವನಿಗೆ ನಿಮ್ಮ ಪತ್ರ ಬಂತು. ಭರಮಸಾಗರದ ಕಡೆ ಅವನಿಗೊಂದು ಹೆಣ್ಣು ನೋಡಿ, ಅವನನ್ನು ಕೇಳದೆ ಮಾತು ಕೊಟ್ಟಿದ್ದಿರಿ. ಯುಗಾದಿಗೆ ಮುಂಚಿನ ಸೋಮವಾರ ವೀಳ್ಯಶಾಸ್ತ್ರ. ಅವನು ಆ ಪತ್ರವನ್ನು ನನ್ನ ಮುಂದೆ ಏಳೆಂಟು ಬಾರಿ ಓದಿದ. ನನಗೆ ಇಂದಿಗೂ ಬಾಯಿಪಾಠ. "ಆ ದಿನ ನೀನು ಮುಂದೆ ನಿಲ್ಲದೆ ನಾಲ್ಕು ಜನರೆದುರು ನನ್ನ ಮಾತು ಹೋದರೆ, ನೀನು ನನ್ನ ತಮ್ಮನಲ್ಲ, ನಾನು ನಿನಗೆ ಅಣ್ಣನಲ್ಲ. ಬಳಿಕ ಈ ಮನೆಯ ಹೊಸ್ತಿಲು ತುಳಿಯಬೇಡ."

"ಹುಡುಗಾಟಕ್ಕೆ ಬರೆದಿರ್ತಾರೆ ಬಿಡೋ" ಎಂದೆ.

"ನಮ್ಮಣ್ಣ ಹುಡುಗಾಟಕ್ಕೆ ಬರಿಯಾಕಿಲ್ಲ ಕಾಟಣ್ಣ. ಬರೆದದ್ದು ಮಾಡ್ತಾನೆ" ಎಂದ.

ಇದೇ ಕಾರಣ. ಈಗ ಸಭೆಯಲ್ಲಿ ಓದಿ. ನಾನು ಬರುವುದಿಲ್ಲ.

ಕಾಟಲಿಂಗಪ್ಪ


ಹಿರಿಯೂರು
19 ಮಾರ್ಚ್ 2025

ಕಾಟಲಿಂಗಪ್ಪನವರಿಗೆ,

ತಮ್ಮ ಪತ್ರಕ್ಕೆ ಇಪ್ಪತ್ತು ದಿನ ಉತ್ತರ ಬರೆಯಲಿಲ್ಲ.

ಸಭೆ ನಡೆಯಿತು. ತಮ್ಮ ಹೆಸರಿದ್ದ ನಾಲ್ಕು ಪುಟದ ಭಾಷಣವನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆನು. ಭಾವಚಿತ್ರದ ತೆರೆ ಸರಿಸಿದ ಮೇಲೆ ಹೇಮಾವತಿಯವರು ಗಾಜಿನ ಪೆಟ್ಟಿಗೆಯನ್ನು ತೆರೆದು, ಅವ್ವನನ್ನು ಕೈಹಿಡಿದು ಕರೆತಂದರು. ಎಂಬತ್ತೆಂಟರ ಅವಳಿಗೆ ಕಣ್ಣು ಮಂದ. ಬೆರಳಿನಿಂದ ತಡವಿ ನೋಡಿದಳು. ಫಿರಂಗಿಯನ್ನು ಮುಟ್ಟಿದಳು, ಚೈನನ್ನು ಮುಟ್ಟಿದಳು, ಮುಖವನ್ನು ಹತ್ತಿರ ತಂದಳು. ಧ್ವನಿವರ್ಧಕ ಅಲ್ಲಿಯೇ ಇದ್ದುದರಿಂದ ಆಡಿದ ಮಾತೆಲ್ಲ ಸಭೆಗೆ ಕೇಳಿಸಿತು.

"ಇದ್ಯಾಕೋ ಮುದ್ದ, ಇಲ್ಲಿ ಕೆಂಪಗೈತೆ?"

"ಕುಂಕುಮ ಅವ್ವ. ನೀನು ಕಳ್ಸಿದ್ದು. ದಯಾನಂದ ಇಟ್ಟಿದ್ದು."

"ನಿಂಗೆ ಹೆಂಗೆ ಗೊತ್ತು? ನೀನೇನು ಕಂಡಿದ್ಯಾ?"

"ಜೊತೆಗಿದ್ದ ಡ್ರೈವರ್ ಹೇಳಿದ. ಕಾಟಲಿಂಗಪ್ಪ."

"ಅವನು ಬದುಕವ್ನಾ? ನನ್ನ ಮಗನ ಜೊತೆಗಿದ್ದೋನು ಬದುಕವ್ನಾ? ಮತ್ತೆ ಒಂದಿನಾನಾ ನಮ್ಮ ಮನಿಗೆ ಬರ್ಲಿಲ್ಲ?"

ಆಗ ನಾನು ಸುಳ್ಳಾಡಬಹುದಾಗಿತ್ತು. "ಬಂದಿದ್ದ ಅವ್ವ, ಆ ವರ್ಷಾನೇ. ನಾನೇ ಇಳಿಸಿ ಕಳಿಸ್ದೆ" ಎಂದೆನು.

"ಮನಿತಂಕ ಬಂದೋನ್ನ ಒಂದು ಚೊಂಬು ನೀರೂ ಕೊಡ್ದೆ ಕಳಿಸಿದ್ಯಾ? ನನ್ನ ಮಗ ಏನಂದ, ಕೊನೀಗೆ ಯಾರನ್ನ ಕೂಗಿದ ಅಂತ ಕೇಳಾಕೆ ನಂಗೆ ಒಬ್ಬನಾದ್ರೂ ಇದ್ನಲ್ಲೋ! ಇಷ್ಟು ವರ್ಷ ಗ್ವಾಡೀನ ಕೇಳ್ತಾ ಕುಂತಿದ್ನಲ್ಲೋ ಪಾಪಿ!"

ಭಾಷಣ ಜೇಬಿನಲ್ಲಿಯೇ ಉಳಿಯಿತು. ಅಂದಿನಿಂದ ಅವಳು ನನ್ನ ಕೈಯಿಂದ ಅನ್ನ ಇಕ್ಕಿಸಿಕೊಳ್ಳುತ್ತಿಲ್ಲ. ಸೊಸೆ ಬಡಿಸಿದರೆ ಉಣ್ಣುತ್ತಾಳೆ.

ಇನ್ನೊಂದನ್ನು ಬರೆಯದೆ ಈ ಪತ್ರ ಮುಗಿಯದು. ದಯಾನಂದನ ಕೊನೆಯ ಪತ್ರಕ್ಕೆ ಎರಡನೆಯ ಹಾಳೆಯಿದೆ. "ರಜ ತಪ್ಪಬಾರದು ಅಂತ ಕಾಟಣ್ಣಗೆ ಬರೀಬ್ಯಾಡ್ರಿ ಅಂತ ಬೇಡ್ಕೊಂಡೀನಿ. ನಿನ್ನ ಮಾತು ಉಳಿಸ್ತೀನಿ ಅಣ್ಣ." ಇದನ್ನು ನಾನು 1988ರಲ್ಲಿಯೇ ಓದಿದ್ದೇನೆ. ಅವ್ವನಿಗೆ ಮೊದಲ ಹಾಳೆಯನ್ನಷ್ಟೇ ಓದಿ ಹೇಳಿದೆ. ನನಗೆ ಆಗ ಒಬ್ಬ ಅಪರಾಧಿ ಬೇಕಾಗಿದ್ದನು. ತಾವು ಬಾಗಿಲಿಗೆ ಬಂದಿರಿ. ಆಮೇಲೆ ವರ್ಷ ಕಳೆದಂತೆ ಎರಡನೆಯ ಹಾಳೆ ಇರಲೇ ಇಲ್ಲವೆಂಬಂತೆ ಬದುಕಿದೆನು. ಪೂಜೆಯನ್ನೂ ಮಾಡಿದೆನು.

ಇದಕ್ಕಾಗಿ ತಮಗೆ ಕೃತಜ್ಞತೆ ಹೇಳುವೆನೆಂದು ಭಾವಿಸಬೇಡಿ. ತಮ್ಮ ಮೌನವನ್ನು ನಾನು ಔದಾರ್ಯವೆಂದು ಎಣಿಸಲಾರೆ. ಅಂದು ಜಗುಲಿಯಲ್ಲಿಯೇ ಈ ಮಾತನ್ನು ನನ್ನ ಮುಖಕ್ಕೆ ಎಸೆದಿದ್ದರೆ, ಮೂವತ್ತಮೂರು ವರ್ಷದ ನಾನು ಅದನ್ನು ಹೇಗೋ ತಾಳಿಕೊಳ್ಳುತ್ತಿದ್ದೆನು. ಈಗ ಎಪ್ಪತ್ತರಲ್ಲಿ ಎಸೆದಿದ್ದೀರಿ.

ಚೈನಿನ ತುಕ್ಕನ್ನು ಕೆರೆದು ತೆಗೆದು, ಸೀಸದ ಕಡ್ಡಿಯ ಪುಡಿಯನ್ನು ಬಟ್ಟೆಯಲ್ಲಿ ಉಜ್ಜಿ ಲೋಹದ ಹೊಳಪು ತಂದಿದ್ದೇನೆ. ತಾವು ಹೇಳಿದಂತೆ. ಅಲ್ಲಿಗೆ ನಮ್ಮಿಬ್ಬರ ವ್ಯವಹಾರ ಮುಗಿಯಬೇಕಿತ್ತು. ಆದರೆ ಅವ್ವ ತಮ್ಮನ್ನು ಕರೆಯುತ್ತಿದ್ದಾಳೆ, ದಿನಕ್ಕೆ ಹತ್ತು ಸಲ, "ಬಂದ್ನಾ?" ಎನ್ನುತ್ತಾಳೆ. ಕರೆಯುತ್ತಿರುವವಳು ಅವಳು, ನಾನಲ್ಲ. ಬಂದು ತಮಗೆ ತೋಚಿದುದನ್ನು ಹೇಳಿ. ರಜೆಯ ಕಾರಣ ಅವಳಿಗೆ ಇನ್ನೂ ತಿಳಿಯದು. ನಾನು ಹೇಳಿಲ್ಲ. ಬರುವ ದಿನವನ್ನು ಮೊದಲೇ ತಿಳಿಸಿದರೆ, ಅಂದು ನಾನು ಮನೆಯಲ್ಲಿರದಂತೆ ನೋಡಿಕೊಳ್ಳುವೆನು.

ಮುದ್ದಪ್ಪ


ಹೊಸದುರ್ಗ
22 ಮಾರ್ಚ್ 2025

ಪಂಡಿತರಿಗೆ,

ಬರುವ ಗುರುವಾರ, ಇಪ್ಪತ್ತೇಳರಂದು, ಹತ್ತು ಗಂಟೆಗೆ ಬರುತ್ತೇನೆ. ಓಬವ್ವನವರಿಗೆ ತಿಳಿಸಿ.

ನೀವು ಮನೆಯಲ್ಲಿರಬೇಕು. ಡೀಸೆಲಿನ ಮಾತು, ಮುಚ್ಚಿದ ಪುಸ್ತಕದ ಮಾತು, ಕೈ ಜಾರಿದ ಮಾತು ನನ್ನವು. ಅವನ್ನು ನಾನು ಹೇಳುತ್ತೇನೆ. ತಮ್ಮನಿಗೆ ಅಂದು ಬರೆದ ನಿಮ್ಮ ಪತ್ರದ ಮಾತು ನಿಮ್ಮದು. ಅದನ್ನು ನಾನು ಹೇಳುವುದಿಲ್ಲ. ನಿಮ್ಮ ಅವ್ವ ಎಷ್ಟು ಕೇಳಿದರೂ ಹೇಳುವುದಿಲ್ಲ. ನೀವು ಬಾಯಿ ಬಿಡುವ ತನಕ ಎದುರಿಗೆ ಕೂತಿರುತ್ತೇನೆ. ನನಗೆ ಬೇರೆ ಕೆಲಸವಿಲ್ಲ. ಅಂದು ಸಂಜೆಯ ಬಸ್ಸು ತಪ್ಪಿದರೆ ಮರುದಿನ ಬೆಳಿಗ್ಗೆಯೂ ಅಲ್ಲಿಯೇ ಇರುತ್ತೇನೆ.

ಕಾಟಲಿಂಗಪ್ಪ